ಎಂಟು ತಿಂಗಳ ಧೂಳು

ಇಂಜಿನ್ನಿಗೆ ಒಂದಿಷ್ಟು ಎಳೆ ಬಿಸಿಲು ತಾಕಲಿ ಎಂದು ಶಾಂತಕುಮಾರ ಅದನ್ನು ಹತ್ತು ನಿಮಿಷ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟದ್ದೇ ತಪ್ಪಾಯಿತು. ಇಟ್ಟವನು ಎರಡು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಎರಡೂ ಕಣ್ಣು ತೆರೆದು ನೋಡಿದರೆ ಅದು ಗೇಣುದ್ದದ ಉಗಿಬಂಡಿಯ ಮಾದರಿ. ಒಂದು ಕಣ್ಣು ಮುಚ್ಚಿದರೆ ಮಾತ್ರ ವಾಡಿ ಜಂಕ್ಷನ್ನಿನಲ್ಲಿ ನೀರು ಕುಡಿದು ನಿಂತ ದೊಡ್ಡ ಗಾಡಿ. ಇನ್ನೇನು ಸೀಟಿ ಹಾಕುತ್ತದೆ. ಆ ಸೀಟಿಗಾಗಿ ಸ್ವಲ್ಪ ಹೊತ್ತು ಕಾದು, ಅದು ಬಾರದೆ, ಸ್ನಾನಕ್ಕೆ ಹೋದ.

ಜೇವರ್ಗಿಯಲ್ಲಿ ಲಾರಿಗಳಿವೆ, ಟ್ರ್ಯಾಕ್ಟರುಗಳಿವೆ, ಹಗಲೂ ರಾತ್ರಿ ಹಾರನ್ ಹೊಡೆಯುವ ಬಸ್ಸುಗಳಿವೆ. ರೈಲು ಮಾತ್ರ ಇಲ್ಲ. ಬಹುಶಃ ಅದಕ್ಕೇ ಶಾಂತಕುಮಾರನ ತಲೆಯಲ್ಲಿ ಅದು ಇಷ್ಟು ಸಲೀಸಾಗಿ ಓಡಾಡುತ್ತಿತ್ತು. ಏಳು ವರ್ಷದವನಿದ್ದಾಗ ವಾಡಿಯಲ್ಲಿ ಉಗಿಬಂಡಿಯೊಂದು ಅವನ ಬಿಳಿ ಅಂಗಿಯ ಮೇಲೆ ಮಸಿಯ ಕಣಗಳನ್ನು ಉದುರಿಸಿ ಹೋಗಿತ್ತು. ಊರಿಗೆ ಬಂದ ಮೇಲೆ ಅವ್ವ ಆ ಅಂಗಿಯನ್ನು ಒಗೆದುಬಿಟ್ಟಳು. ಹುಡುಗ ಎರಡು ದಿನ ಅತ್ತ. ಈಗ ಅವನಿಗೆ ನಲವತ್ತೈದು ವರ್ಷ, ಒಂದು ಕಚೇರಿಯ ಹಳೆ ಕಡತಗಳ ಕೋಣೆಯಲ್ಲಿ ಗುಮಾಸ್ತ. ಧೂಳಿನ ವಿಷಯದಲ್ಲಿ ಅವನಷ್ಟು ಸರ್ವಿಸ್ ಆದವರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ.

ಆ ಇಂಜಿನ್ ಕೊಲ್ಕತ್ತಾದ ಅಂಗಡಿಯೊಂದರಿಂದ ಪೋಸ್ಟಿನಲ್ಲಿ ಬಂದಾಗ ಹೊಸ ಬೂಟಿನ ಹಾಗೆ ಫಳಫಳ ಹೊಳೆಯುತ್ತಿತ್ತು. ದುಡಿದ ಇಂಜಿನ್ ಯಾವುದಾದರೂ ಹೀಗೆ ಹೊಳೆಯುತ್ತದೆಯೇ? ಅಂದಿನಿಂದ ಎಂಟು ತಿಂಗಳು, ದಿನಾ ಸಂಜೆ ಆರರಿಂದ ಎಂಟರವರೆಗೆ, ಹೊಸದನ್ನು ಹಳತು ಮಾಡುವುದೇ ಅವನ ಉದ್ಯೋಗವಾಯಿತು. ಸೈಕಲ್ಲಿನ ಬ್ರೇಕ್ ವಾಯರಿನಿಂದ ಎಳೆ ಬಿಡಿಸಿ ಬಾಯ್ಲರಿನ ಬದಿಗೆ ಹಿಡಿಕೆಯ ಕಂಬಿ ಮಾಡಿದ. ಖಾಲಿ ರಿಫಿಲ್ಲಿನ ತುದಿ ಕತ್ತರಿಸಿ ಸೀಟಿ ಕೂರಿಸಿದ. ಇಜೇರಿಯ ಕಮ್ಮಾರನ ಕುಲುಮೆಯಿಂದ ಕಲ್ಲಿದ್ದಲು ತಂದು, ಸಾಸಿವೆ ಕಾಳಿನಷ್ಟು ಕುಟ್ಟಿ, ಇಂಜಿನ್ನಿನ ಹಿಂದಿನ ತೊಟ್ಟಿಗೆ ತುಂಬಿದ. ಆಮೇಲೆ ಮೈಗೆ ದೀಪದ ಕಾಡಿಗೆ, ಗಾಲಿಗೆ ಕೊಳಕೂರಿನ ಹೊಲದ ಕರಿಮಣ್ಣಿನ ಧೂಳು, ನೀರು ಸೋರಿದ ಕಲೆಗೆ ವಿಭೂತಿ, ಮೂಲೆಮೂಲೆಗೆ ತುಕ್ಕಿನ ಪುಡಿ. ಎಲ್ಲವನ್ನೂ ಸಣ್ಣ ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ಕೂರಿಸಿದ್ದು. ಮೇಲೆ ವಾರ್ನಿಷ್ ಹೊಡೆದರೆ ಭದ್ರವಾಗಿ ನಿಲ್ಲುತ್ತದೆ, ಅದು ಅವನಿಗೂ ಗೊತ್ತಿತ್ತು. ಆದರೆ ವಾರ್ನಿಷ್ ಬಿದ್ದರೆ ತುಕ್ಕು ಬೆಲ್ಲದ ಪಾಕದ ಹಾಗೆ ಕಾಣುತ್ತದೆ ಎಂದು ಅವನು ಒಪ್ಪಿರಲಿಲ್ಲ. ಹಾಗಾಗಿ ಒಂದು ಒದ್ದೆ ಕೈ ತಾಕಿದರೆ ಸಾಕು, ಎಂಟು ತಿಂಗಳು ಅಲ್ಲಿಗೆ ಮುಗಿಯುತ್ತಿತ್ತು.

ಓಣಿಯವರಿಗೆ ಇದೆಲ್ಲ ಆಟಿಗಿ, ಮಕ್ಕಳ ಆಟದ ಸಾಮಾನು. ಎದುರು ಮನೆಯ ಖಂಡಪ್ಪ ಟ್ರ್ಯಾಕ್ಟರಿನ ಮಾಲೀಕ, ಓಣಿಯ ಎಲ್ಲ ವಿಷಯಗಳಿಗೂ ತಾನಾಗಿಯೇ ನೇಮಕಗೊಂಡ ಹಿರಿಯ. ಅವನು ಚಹಾದ ಹೋಟೆಲಿನಲ್ಲಿ ಹತ್ತು ಜನರ ಮುಂದೆ ಇವನಿಗೆ “ಆಟಿಗಿ ಶಾಂತಣ್ಣ” ಎಂದು ಹೆಸರಿಟ್ಟುಬಿಟ್ಟಿದ್ದ. ಈಗ ಹಾಲು ಹಾಕುವವನೂ ಹಾಗೆಯೇ ಕರೆಯುತ್ತಿದ್ದ. ಶಾಂತಕುಮಾರನಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಒಂದು ದಿನ ತಡೆಯಲಾರದೆ, ಇದು ಆಟಿಗಿಯೋ ಇಂಜಿನ್ನೋ ಎನ್ನುವುದನ್ನು ಇಂಜಿನ್ ಓಡಿಸಿದವರೇ ಹೇಳಲಿ ಎಂದು ಖಂಡಪ್ಪನಿಗೆ ಸವಾಲು ಹಾಕಿಬಿಟ್ಟ.

ಹಾಗೆ ಓಡಿಸಿದವರು ಒಬ್ಬರಿದ್ದರು. ಅವನ ಕಚೇರಿಯ ಶಮ್ಸುನ್ನಿಸಾ ಮೇಡಂ ಅವರ ಅಜ್ಜ, ಎಂಬತ್ತನಾಲ್ಕು ವರ್ಷದ ಮುರ್ತುಜಾ ಸಾಹೇಬರು. ವಾಡಿಯಲ್ಲಿ ಉಗಿಬಂಡಿಯ ಡ್ರೈವರ್ ಆಗಿದ್ದವರು. ಅವರ ಇಂಜಿನ್ನಿನ ಒಂದು ಹಳೆ ಫೋಟೋವನ್ನು ಮೇಡಂ ಕೊಟ್ಟಿದ್ದರು. ಶಾಂತಕುಮಾರ ಒಂದೊಂದು ಕಲೆಯನ್ನೂ ಅದನ್ನೇ ನೋಡಿ ಹಚ್ಚಿದ್ದ. ಸಾಹೇಬರು ನಿನ್ನೆಯಷ್ಟೇ ಮೊಮ್ಮಗಳ ಮನೆಗೆ ಬಂದಿದ್ದರು. ನಾಳೆ ಬೆಳಿಗ್ಗೆ ಹೈದರಾಬಾದಿನ ಮಗನ ಕಡೆ ಹೋದರೆ ಮತ್ತೆ ಬರುವುದು ಖಾತ್ರಿ ಇರಲಿಲ್ಲ. “ನಾಳೆ ಮಧ್ಯಾಹ್ನ ಮೂರಕ್ಕ ತಗೊಂಡು ಬರ್ರಿ,” ಎಂದು ಮೇಡಂ ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದ್ದರು. ಆ ಸುದ್ದಿಯನ್ನು ಅವನು ಕೂಡಲೇ ಖಂಡಪ್ಪನಿಗೂ ಮುಟ್ಟಿಸಿದ್ದ. ಒಂದು ದಿನ, ಒಬ್ಬ ಮನುಷ್ಯ, ಒಂದು ಮಾತು. ಆ ಮಾತು ಬಂದರೆ ಹೋಟೆಲಿನಲ್ಲಿ ಬಿದ್ದ ಹೆಸರು ಹೋಗುತ್ತದೆ.

ಆದರೆ ಆ ದಿನ ಮಹಾನವಮಿ, ಖಂಡೇ ಪೂಜೆ. ಊರಿನಲ್ಲಿ ಕಬ್ಬಿಣ ಎನ್ನುವುದು ಎಲ್ಲಿದ್ದರೂ, ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ, ತೊಳೆದು ಕುಂಕುಮ ಹಚ್ಚುವ ದಿನ.

ಸ್ನಾನ ಮುಗಿಸಿ ಟವೆಲ್ಲು ಸುತ್ತಿಕೊಂಡು ಹೊರಬಂದ ಶಾಂತಕುಮಾರನಿಗೆ ಕಂಡದ್ದು ಬರಿದಾದ ಕಿಟಕಿ. ಹಿತ್ತಲಲ್ಲಿ ಅವನ ಅವ್ವ ಗುರುಬಾಯಿ ಹುಣಸೆಹುಳಿ ಕದಡಿದ ನೀರಿನ ಬೋಗುಣಿಯ ಮುಂದೆ ಕೂತಿದ್ದಳು. ಈಳಿಗೆ, ಕುಡುಗೋಲು, ಸುತ್ತಿಗೆ ಎಲ್ಲ ಸ್ನಾನ ಮುಗಿಸಿ ಬಿಸಿಲಿಗೆ ಮಲಗಿದ್ದವು. ಸೆರಗಿಗೆ ಒರೆಸಿ ಒಣಗಿಸಿಕೊಂಡ ಅವ್ವನ ಎಡಗೈಯಲ್ಲಿ ಇಂಜಿನ್, ಬಲಗೈಯಲ್ಲಿ ತೆಂಗಿನ ನಾರು.

“ಅವ್ವಾ! ನಿಲ್ಲು! ಅದರಾಗ ಹಾಕಬ್ಯಾಡ!”

“ಯಾಕೋ ತಮ್ಮಾ? ಹಬ್ಬದ ದಿನಾ ಕಬ್ಬಿಣದ ಸಾಮಾನ ಒಂದೂ ಹೊಲಸು ಇರಬಾರದು. ನೋಡು, ಎಷ್ಟು ಮಸಿ ಹಿಡದದ. ತುಕ್ಕು ಬ್ಯಾರೆ.”

“ಆ ತುಕ್ಕು ನಾನೇ ಹಚ್ಚೇನಿ ಅವ್ವಾ!”

ಗುರುಬಾಯಿ ನಾರನ್ನು ಕೆಳಗಿಟ್ಟು ಎದ್ದು ಬಂದು ಮಗನ ಹಣೆ ಮುಟ್ಟಿ ನೋಡಿದಳು. “ಜ್ವರಾ ಏನೂ ಇಲ್ಲಲ್ಲೋ. ಮಂದಿ ತುಕ್ಕು ತೆಗೀತಾರ, ನೀ ಹಚ್ಚತೀಯೇನು?”

“ಎಂಟು ತಿಂಗಳಿಂದ ಹಚ್ಚಾಕತ್ತೇನಿ.”

“ನನಗ ಒಂದು ಮಾತು ಹೇಳಬಾರದೇನು? ಬಚ್ಚಲದ ಹಿಂದ ಹಳೇ ಬಕೀಟ ಬಿದ್ದದ. ಬೇಕಾದಷ್ಟು ತುಕ್ಕು ಅದ ಅದರ ಮ್ಯಾಲೆ.”

ಜೂನ್ ತಿಂಗಳಲ್ಲೇ ಆ ಬಕೀಟನ್ನು ಕೆರೆದು ಮುಗಿಸಿದ್ದೇನೆ ಎಂದು ಅವನು ಹೇಳಲಿಲ್ಲ. ಮೈಯಿಂದ ನೀರು ತೊಟ್ಟಿಕ್ಕುತ್ತಿದ್ದುದರಿಂದ ಇಂಜಿನ್ನನ್ನು ಕಿತ್ತುಕೊಳ್ಳುವಂತೆಯೂ ಇರಲಿಲ್ಲ. ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸು ಎಂದು ಅವ್ವನಿಗೆ ಕೈ ಮುಗಿದು ಬೇಡಿಕೊಂಡ. ಅವಳು ಇಳಿಸಿದಳು. ಹೆಂಡತಿ ಹಬ್ಬಕ್ಕೆ ತವರಿಗೆ ಹೋಗಿದ್ದಾಳೆ, ಅದಕ್ಕೇ ಇವನಿಗೆ ಹೀಗಾಗಿದೆ ಎಂದು ತನ್ನಷ್ಟಕ್ಕೆ ತೀರ್ಮಾನಿಸಿ ಮತ್ತೆ ಈಳಿಗೆಯ ಕಡೆ ತಿರುಗಿದಳು.

ಮನೆಯಲ್ಲಿ ಇದ್ದಷ್ಟು ಹೊತ್ತೂ ಅಪಾಯ ಎಂದು ಶಾಂತಕುಮಾರ ಎರಡು ಗಂಟೆಗೇ ಹೊರಟ. ಚಪ್ಪಲಿಯ ಡಬ್ಬಿಗೆ ಹತ್ತಿ ಹಾಸಿ ಇಂಜಿನ್ನನ್ನು ಮಲಗಿಸಿ, ಡಬ್ಬಿಯನ್ನು ಬೈಕಿನ ಬದಿಯ ಚೀಲದಲ್ಲಿಟ್ಟ. ಫೋಟೋ ಮರೆತದ್ದು ನೆನಪಾಗಿ ಒಳಗೆ ಹೋದ. ಒಂದೇ ನಿಮಿಷ. ತಿರುಗಿ ಬರುವಷ್ಟರಲ್ಲಿ ಖಂಡಪ್ಪ ಮೊಣಕಾಲವರೆಗೆ ಪಂಚೆ ಕಟ್ಟಿ, ಪಂಪಿನ ಪೈಪನ್ನು ಬಂದೂಕಿನ ಹಾಗೆ ಹಿಡಿದು ನಿಂತಿದ್ದ. ಟ್ರ್ಯಾಕ್ಟರ್ ತೊಳೆದಾಗಿತ್ತು, ಓಣಿಯ ಮಿಕ್ಕ ಐದೂ ಬೈಕು ತೊಳೆದಾಗಿತ್ತು. ಈಗ ನೀರಿನ ಧಾರೆ ಶಾಂತಕುಮಾರನ ಬೈಕಿನ ಮುಂದಿನ ಗಾಲಿಯಿಂದ ನಿಧಾನವಾಗಿ ಹಿಂದಕ್ಕೆ ಬರುತ್ತಿತ್ತು.

ಶಾಂತಕುಮಾರ ಜೀವನದಲ್ಲಿ ಎಂದೂ ಓಡಿದವನಲ್ಲ. ಅಂದು ಓಡಿದ. ಚೀಲವನ್ನು ತಬ್ಬಿಕೊಂಡು ಬೈಕಿನ ಮೇಲೆ ಬೋರಲು ಬಿದ್ದ. ಧಾರೆ ಬೆನ್ನಿಗೆ ಹೊಡೆಯಿತು, ಆಮೇಲೆ ಕುತ್ತಿಗೆಗೆ, ಆಮೇಲೆ ಕಿವಿಗೆ.

“ಶಾಂತಣ್ಣ, ನಾ ಗಾಡಿ ತೊಳ್ಯಾಕತ್ತೇನ್ರಿ, ನಿಮ್ಮನ್ನಲ್ಲ!”

“ಪೈಪ್ ಆ ಕಡಿ ತಿರವ್ರಿ ಖಂಡಪ್ಪಣ್ಣ! ಚೀಲದಾಗ ಇಂಜಿನ್ ಅದ!”

“ಆಟಿಗಿ ಅಂದ್ರ ನೀರು ತಾಕಿದ್ರ ಕರಗ್ತದೇನ್ರಿ?” ಎಂದು ನಗುತ್ತ ಖಂಡಪ್ಪ ಪೈಪನ್ನು ಗೋಡೆಯ ಕಡೆ ತಿರುಗಿಸಿದ. ಆಮೇಲೆ ಧ್ವನಿ ತಗ್ಗಿಸಿ, “ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ. ನಾನೂ ಬರ್ತೇನಿ ಮೇಡಂ ಮನಿಗೆ. ಹೋಟೆಲಿನ ಮಂದಿ ಇಬ್ರನ್ನ ಕರಕೊಂಡೇ ಬರ್ತೇನಿ. ಸಾಹೇಬ್ರು ಇಂಜಿನ್ ಅಂದ್ರ ಇಂಜಿನ್, ಆಟಿಗಿ ಅಂದ್ರ ಆಟಿಗಿ. ಮತ್ತ ನನ್ನ ಬಾಯಿಂದ ಎರಡನೇ ಮಾತು ಬರೂದಿಲ್ಲ,” ಎಂದ.

ಶಾಂತಕುಮಾರ ಡಬ್ಬಿ ತೆರೆದು ನೋಡಿದ. ಹತ್ತಿ ಒಣಗಿಯೇ ಇತ್ತು. ಒದ್ದೆಯಾದದ್ದು ಶಾಂತಕುಮಾರ, ಮತ್ತು ಬೈಕಿನ ಪ್ಲಗ್ಗು.

ಪ್ಲಗ್ಗಿನ ವಿಷಯ ಗೊತ್ತಾದದ್ದು ಬಸ್ ನಿಲ್ದಾಣದ ಹತ್ತಿರ ಬೈಕು ಕೆಮ್ಮಿ ನಿಂತಾಗ. ಪುಣ್ಯಕ್ಕೆ ಎದುರಿಗೇ ಮುಜಮ್ಮಿಲನ ಗ್ಯಾರೇಜು. ಗಾಡಿಗಳ ಡೊಂಕು ತಿದ್ದಿ ಬಣ್ಣ ಹೊಡೆಯುವುದರಲ್ಲಿ ಅವನ ಕೈ ಊರಿಗೇ ಹೆಸರುವಾಸಿ. ಗ್ಯಾರೇಜಿನ ಬಾಗಿಲಿಗೆ ಮಾವಿನ ತೋರಣ, ನಟ್ಟು ತಿರುಗಿಸುವ ಪಾನಾ, ಸ್ಕ್ರೂಡ್ರೈವರುಗಳಿಗೆ ಕುಂಕುಮ, ಊದುಬತ್ತಿ. ಮುಜಮ್ಮಿಲ ಬಣ್ಣ ಸಿಂಪಡಿಸುವ ಗನ್ನನ್ನು ಒರೆಸುತ್ತ ಹೊರಗೆ ಬಂದ.

“ಪ್ಲಗ್ ಒಣಗಸ್ತೇನಿ, ಅರ್ಧಾ ತಾಸು ಕೂಡ್ರಿ. ಡಬ್ಬಿದಾಗ ಏನ್ರಿ ಅದು?”

ಇಲ್ಲಿ ಶಾಂತಕುಮಾರ ಸುಮ್ಮನಿರಬಹುದಿತ್ತು. ಆದರೆ ಎಂಟು ತಿಂಗಳಿನಿಂದ ಯಾರಾದರೂ ಹಾಗೆ ಕೇಳಲಿ ಎಂದು ಕಾದವನು. ಅದೂ ಬಣ್ಣ ಬಲ್ಲವನು ಕೇಳುತ್ತಿದ್ದಾನೆ. ಡಬ್ಬಿಯ ಮುಚ್ಚಳ ತಾನಾಗಿಯೇ ತೆರೆದುಕೊಂಡಿತು.

ಮುಜಮ್ಮಿಲ ಬಗ್ಗಿ ನೋಡಿದ. ನಾಲಿಗೆಯಿಂದ ಲೊಚ್ ಲೊಚ್ ಎಂದ. “ಯಾ ಅಲ್ಲಾ! ಏನ್ ಹಾಲತ್ ಮಾಡ್ಯಾರ್ರಿ ಇದರದು! ಎಲ್ಲಿ ನೋಡಿದ್ರೂ ರಸ್ಟ್! ಯಾರ್ರಿ ಮಾಡಿದವ್ರು?”

“ನಾನೇ ಮಾಡೇನಿ,” ಎಂದ ಶಾಂತಕುಮಾರ ಹೆಮ್ಮೆಯಿಂದ.

ಮುಜಮ್ಮಿಲನಿಗೆ ಬೇಜಾರಾಯಿತು. ಗುಮಾಸ್ತ ಸಾಹೇಬರ ತಪ್ಪನ್ನು ಅವರ ಮುಖದ ಮೇಲೆ ಹೇಳಬಾರದಿತ್ತು ಎಂದುಕೊಂಡ. “ಹೋಗ್ಲಿ ಬಿಡ್ರಿ, ಮನಸಿಗೆ ಹಚಗೋಬ್ಯಾಡ್ರಿ. ನನ್ನ ಕೈಯಾಗ ಕೊಡ್ರಿ. ಥಿನ್ನರ್ ಹಾಕಿ ಒಮ್ಮೆ ಒರಸ್ತೇನಿ, ಒಂದು ಕೋಟ್ ಹೊಡೀತೇನಿ. ಶೋರೂಮಿಂದ ಈಗ ಬಂದಂಗ ಮಾಡಿ ಕೊಡ್ತೇನಿ. ಹಬ್ಬ ಅದ, ನನ್ನ ಕಡಿಂದ.”

ಒಂದು ಕೈಯಲ್ಲಿ ಗನ್ನು, ಇನ್ನೊಂದು ಕೈಯಲ್ಲಿ ಥಿನ್ನರಿನ ಬಾಟಲಿ, ಮುಖದ ತುಂಬ ಕರುಣೆ. ಇಂಥ ಒಳ್ಳೆಯ ಮನುಷ್ಯನಿಗೆ ಬೇಡ ಎಂದು ಹೇಳುವುದು ಹೇಗೆಂದು ಶಾಂತಕುಮಾರನಿಗೆ ತಿಳಿಯಲಿಲ್ಲ. ಆದ್ದರಿಂದ ಡಬ್ಬಿ ಮುಚ್ಚಿ, ಬೈಕನ್ನು ಅಲ್ಲೇ ಬಿಟ್ಟು ನಡೆದುಬಿಟ್ಟ. “ಅರೆ, ಅರ್ಧಾ ತಾಸಿನ ಕೆಲಸ್ರಿ!” ಎಂದು ಮುಜಮ್ಮಿಲ ರಸ್ತೆಯವರೆಗೂ ಬಂದು ಕೂಗಿದ.

ಮೇಡಂ ಅವರ ಮನೆ ವಿಜಯಪುರ ರಸ್ತೆಯಲ್ಲಿ, ಊರಿನ ತುದಿಗೆ. ಶಾಂತಕುಮಾರ ಡಬ್ಬಿಯನ್ನು ಎದೆಗೆ ಅವುಚಿಕೊಂಡು ರಸ್ತೆಯ ಅಂಚಿನಲ್ಲಿ ನಡೆದ. ಒದ್ದೆ ಅಂಗಿ ಬಿಸಿಲಿಗೆ ಮೈಮೇಲೆಯೇ ಒಣಗುತ್ತ ಸಣ್ಣಗೆ ಹಬೆಯಾಡುತ್ತಿತ್ತು. ಬಾಳೆಕಂಬ ಕಟ್ಟಿಕೊಂಡ ಲಾರಿಗಳು, ಚೆಂಡು ಹೂವಿನ ಹಾರ ಹಾಕಿಕೊಂಡ ಬಸ್ಸುಗಳು ಕನ್ನಡಿಯ ಹಾಗೆ ಹೊಳೆಯುತ್ತ ಹಾಯ್ದು ಹೋದವು. ಇಡೀ ಜೇವರ್ಗಿಯಲ್ಲಿ ಅಂದು ತೊಳೆಯದೆ ಉಳಿದದ್ದು ತನ್ನ ಡಬ್ಬಿಯೊಳಗಿನ ಈ ಒಂದು ಗೇಣು ಮಾತ್ರ ಎನಿಸಿತು. ಹಾಗೆನಿಸಿದ್ದೇ ತಡ, ಅವನ ಹೆಜ್ಜೆಗೆ ಒಂದು ಲಯ ಬಂತು. ರಸ್ತೆ ಹಿಂದೆ ಸರಿಯಿತು. ತೊಗರಿ ಹೊಲಗಳ ನಡುವೆ ಹಳಿ ಹಾಸಿಕೊಂಡವು. ಯಾವುದೋ ಸ್ಟೇಷನ್ನಿನಲ್ಲಿ ಹಸಿರು ಬಾವುಟ ಬೀಸಿದರು, ಯಾವುದೋ ಸ್ಟೇಷನ್ನಿನಲ್ಲಿ ಚಹಾ ಚಹಾ ಎಂದು ಕೂಗಿದರು. ಮೇಡಂ ಅವರ ಮನೆ ದಾಟಿ ಎರಡು ಫರ್ಲಾಂಗು ಹೋದ ಮೇಲೆ ಅವನಿಗೆ ಎಚ್ಚರವಾಯಿತು, ತಿರುಗಿ ಬಂದ.

ಮುರ್ತುಜಾ ಸಾಹೇಬರು ಅಂಗಳಕ್ಕೆ ತೆರೆದ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಳಿ ಗಡ್ಡ, ದಪ್ಪ ಗಾಜಿನ ಕನ್ನಡಕ. ಮೇಡಂ ಸ್ಟೂಲೊಂದನ್ನು ಅವರ ಮುಂದಿಟ್ಟರು. ಶಾಂತಕುಮಾರ ಇಂಜಿನ್ನನ್ನು ಅದರ ಮೇಲಿಟ್ಟು ಹಿಂದೆ ಸರಿದ.

ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮೂಗು ತಾಕುವಷ್ಟು ಹತ್ತಿರ ಬಗ್ಗಿದರು. ಆಮೇಲೆ ಚಿಮಣಿಯ ಮೇಲೆ ಅಂಗೈ ಹಿಡಿದರು, ಬಿಸಿ ಎಷ್ಟಿದೆ ಎಂದು ನೋಡುವವರ ಹಾಗೆ.

“ಇದು ನನ್ನ ಗಾಡಿ,” ಎಂದರು.

“ಖರೇನ್ರಿ ಸಾಹೇಬ್ರ?” ಎಂದು ಶಾಂತಕುಮಾರ ಒಂದು ಹೆಜ್ಜೆ ಮುಂದೆ ಬಂದ.

“ನೋಡ್ರಿ, ಈ ಬಿಳಿ ಗೆರಿ. ಇಲ್ಲೇ ಪೈಪ್ ಸೋರ್ತಿತ್ತು. ರಿಪೇರಿ ಮಾಡಿದಂಗೆಲ್ಲಾ ಮತ್ತ ಸೋರ್ತಿತ್ತು, ಭಾಳ ಹಟದ ಗಾಡಿ. ಮತ್ತ ಇದು ನೋಡ್ರಿ, ಕಿಟಕಿ ಕೆಳಗ. ಬಣ್ಣ ಸವದದ ಅಲ್ಲೇನ್ರಿ? ಇಲ್ಲೇ ನಾ ಮೊಣಕೈ ಇಟಗೊಂಡು ಹೊರಗ ನೋಡ್ತಿದ್ದೆ. ಭೀಮಾ ಹೊಳಿ ಬ್ರಿಜ್ ಬಂದ್ರ ತಣ್ಣನ ಗಾಳಿ ಬರ್ತಿತ್ತು.”

ಆ ಮೊಣಕೈಯ ಸವೆತಕ್ಕೆ ಶಾಂತಕುಮಾರ ಹತ್ತೊಂಬತ್ತು ಸಂಜೆ ಕೊಟ್ಟಿದ್ದ. ಇಲ್ಲಿಯವರೆಗೆ ಅದನ್ನು ಯಾರೂ ಗಮನಿಸಿರಲಿಲ್ಲ. ಅವನಿಗೆ ಅಳು ಬಂತು; ನಾಚಿಕೆಯಿಲ್ಲದೆ ಕಣ್ಣು ಒರೆಸಿಕೊಂಡ. ಇಷ್ಟು ಸಂತೋಷ ತನ್ನ ಪಾಲಿಗೆ ಇದೆ ಎಂದು ಅವನು ಎಂದೂ ಅಂದುಕೊಂಡಿರಲಿಲ್ಲ. ಮೂಲೆಗೆ ಹೋಗಿ ಖಂಡಪ್ಪನಿಗೆ ಫೋನು ಮಾಡಿದ.

“ಖಂಡಪ್ಪಣ್ಣ, ಜಲ್ದಿ ಬರ್ರಿ! ಸಾಹೇಬ್ರು ಅಂದ್ರು! ನಿಮ್ಮ ಕಿವಿಲೇ ಕೇಳ್ರಿ!”

“ಟ್ರ್ಯಾಕ್ಟರಿಗೆ ಕುಂಬಳಕಾಯಿ ಒಡದು ಬಂದೇ ಬಿಟ್ಟೇನ್ರಿ, ಹತ್ತ ನಿಮಿಷ!”

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಹಲಗೆ ವಾದ್ಯದ ಬಡಿತ, ಪಟಾಕಿಯ ಸದ್ದು ಕೇಳಿತು. ಸಾಹೇಬರು ತಲೆಯೆತ್ತಿದರು. “ಇವತ್ತ ಏನ್ ಅದ ಬೇಟಿ?”

“ಖಂಡೇ ಪೂಜಿ ದಾದಾ,” ಎಂದರು ಶಮ್ಸುನ್ನಿಸಾ.

ಮುದುಕರು ಕುರ್ಚಿಯಲ್ಲಿ ನೆಟ್ಟಗಾದರು. ಇಂಜಿನ್ನನ್ನು ನೋಡಿದರು. ಅವರ ಮುಖದ ಮೇಲೆ ನಿಧಾನವಾಗಿ ಸಿಟ್ಟು ಏರಿತು. “ಖಂಡೇ ಪೂಜಿ ದಿನಾ ನನ್ನ ಗಾಡಿ ಹಿಂಗ ನಿಂತದೇನು? ಮಸಿ ಬಡಕೊಂಡು? ಶೆಡ್ಡಿನಾಗ ನಾವೆಲ್ಲಾ ಕೂಡಿ ಮುಂಜಾನಿಂದ ತಿಕ್ಕತಿದ್ದೆವು. ಹಾರ ಹಾಕೋ ಹೊತ್ತಿಗೆ ನನ್ನ ಗಾಡಿದಾಗ ಮುಖ ಕಾಣತಿತ್ತು. ಬೇಟಿ, ಸಾಬಾಣ ತಗೊಂಡು ಬಾ!”

ಶಾಂತಕುಮಾರ ಬಾಯಿ ತೆರೆದ. ಬೆಳಗಿನಿಂದ ಅವ್ವನಿಗೆ ಹೇಳಿದ್ದು, ಖಂಡಪ್ಪನಿಗೆ ಹೇಳಿದ್ದು, ಮುಜಮ್ಮಿಲನಿಗೆ ಹೇಳಬೇಕೆಂದು ಹೇಳದೆ ಬಂದದ್ದು, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸಾಹೇಬರು ಆಗಲೇ ಇಂಜಿನ್ನನ್ನು ಎರಡೂ ಕೈಯಿಂದ ಎತ್ತಿಕೊಂಡು ಅಂಗಳದ ನಲ್ಲಿಯ ಕಟ್ಟೆಯ ಮೇಲೆ ಕೂತಾಗಿತ್ತು. ಅವರು ಇವನ ಕಡೆ ತಿರುಗಿದರು. ಆ ಕಣ್ಣುಗಳು ಜೇವರ್ಗಿಯಲ್ಲಿರಲಿಲ್ಲ. ನಲವತ್ತು ವರ್ಷದ ಹಿಂದಿನ ಶೆಡ್ಡಿನಲ್ಲಿದ್ದವು.

“ಏಯ್ ಫೈರ್‌ಮನ್! ನೋಡ್ಕೋತ ನಿಂತೀ ಏನು? ನೀರು ಹಾಕು!”

ಈ ಒಂದು ಹುಕುಮಿಗಾಗಿ ಶಾಂತಕುಮಾರ ಏಳನೇ ವಯಸ್ಸಿನಿಂದ ಕಾದಿದ್ದ, ಮತ್ತು ಹಾಗೆ ಕಾದದ್ದು ಅವನಿಗೆ ಗೊತ್ತಾದದ್ದು ಈಗ. ಡ್ರೈವರ್ ಹೇಳಿದ ಮೇಲೆ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಎದುರು ಮಾತಾಡುವುದುಂಟೇ? ಬಾಯಿ ಮುಚ್ಚಿಕೊಂಡು ಮಗ್ಗು ತೆಗೆದುಕೊಂಡ. “ಹ್ಞೂಂರಿ ಉಸ್ತಾದ್,” ಎಂದು ತನ್ನ ಕೈಯಾರೆ ನೀರು ಸುರಿದ.

ಮೊದಲು ಕಾಡಿಗೆ ಹೋಯಿತು. ಆಮೇಲೆ ಕೊಳಕೂರ ಹೊಲ ಹೋಯಿತು. ವಿಭೂತಿ ಹಾಲಿನ ಹಾಗೆ ಇಳಿಯಿತು, ಬಕೀಟಿನ ತುಕ್ಕು ಕೆಂಪಗೆ ಹರಿದು ಮೋರಿಗೆ ಸೇರಿತು. ಮೊಣಕೈ ಒರಗಿದ ಜಾಗವೂ ಮಿಕ್ಕದ್ದರ ಜೊತೆಗೇ ಹೋಯಿತು. ಸಾಹೇಬರು ಹಾಡು ಗುನುಗುತ್ತ ತಿಕ್ಕಿದರು, ಶಾಂತಕುಮಾರ ಸುರಿದ. ಅವನಿಗೆ ದುಃಖವಾಗಲಿಲ್ಲ. ಸುತ್ತ ಉಗಿ ಏಳುತ್ತಿತ್ತು, ಎಲ್ಲೋ ಗಂಟೆ ಬಾರಿಸುತ್ತಿದ್ದರು, ಗಾಡಿ ಹೊರಡಲು ಇನ್ನು ಸ್ವಲ್ಪವೇ ಹೊತ್ತಿತ್ತು.

ಸಾಹೇಬರು ಹೆಗಲ ಮೇಲಿನ ರುಮಾಲಿನಿಂದ ಚೆನ್ನಾಗಿ ಒರೆಸಿ ಇಂಜಿನ್ನನ್ನು ಬೆಳಕಿಗೆ ಎತ್ತಿ ಹಿಡಿದರು. ಹೊಚ್ಚಹೊಸದು, ಫಳಫಳ. ಕೊಲ್ಕತ್ತಾದ ಡಬ್ಬಿಯಿಂದ ಆಗಷ್ಟೇ ತೆಗೆದಂತಿತ್ತು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿದರು. ಚಿಮಣಿಯ ಮೇಲೆ ಅಂಗೈ ಹಿಡಿದು ಕಾದರು. ಉಗುರಿನಿಂದ ಟಕ್ ಟಕ್ ಎಂದು ಬಡಿದು ನೋಡಿದರು.

ಖಂಡಪ್ಪ ಹೋಟೆಲಿನ ಇಬ್ಬರನ್ನು ಹಿಂದಿಟ್ಟುಕೊಂಡು, ಹಣೆಯ ತುಂಬ ಕುಂಕುಮ ಹಚ್ಚಿಕೊಂಡು ಒಳಗೆ ಬಂದದ್ದು ಆಗ. “ನಮಸ್ಕಾರ್ರಿ ಸಾಹೇಬ್ರ. ಒಂದೇ ಮಾತು ಕೇಳೂದದ. ಇದು ನಿಮ್ಮ ಇಂಜಿನ್ ಏನ್ರಿ?”

“ಇದಾ?” ಸಾಹೇಬರು ಸಜ್ಜನರು, ಸುಳ್ಳು ಹೇಳುವವರಲ್ಲ. “ಇಲ್ರಿ. ಪ್ಲಾಸ್ಟಿಕ್ ಅದ ಇದು. ಛಲೋ ಆಟಿಗಿ ಅದ.”

ಹೋಟೆಲಿನ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಂಡಪ್ಪ ಗೆದ್ದರೂ ನಗಲಿಲ್ಲ. ಶಾಂತಕುಮಾರನನ್ನು ಕರುಣೆಯಿಂದ ನೋಡಿದ.

“ದಾದಾ, ಈಗ ಜರಾ ಹೊತ್ತಿನ ಹಿಂದ ನೀವೇ ಅಂದ್ರಲ್ಲ, ನನ್ನ ಗಾಡಿ ಅಂತ!” ಎಂದರು ಶಮ್ಸುನ್ನಿಸಾ.

“ನನ್ನ ಗಾಡಿ ಬಂದಿತ್ತಲ್ಲ ಬೇಟಿ, ಯಾರು ಇಲ್ಲ ಅಂದ್ರು? ಇಲ್ಲೇ ನಿಂತಿತ್ತು. ಆ ಮಸಿ, ಆ ತುಕ್ಕು, ಎಲ್ಲಾ ಅದರದೇ.” ಮುದುಕರು ಇಂಜಿನ್ನನ್ನು ಮೆಲ್ಲಗೆ ಸ್ಟೂಲಿನ ಮೇಲಿಟ್ಟು ಖಂಡಪ್ಪನ ಕಡೆ ತಿರುಗಿದರು. “ನೀವು ಹತ್ತ ನಿಮಿಷ ತಡಾ ಮಾಡಿ ಬಂದ್ರಿ. ತೊಳದು, ನೀರು ಕುಡಿಸಿ, ಕಳಿಸಿಬಿಟ್ಟೆವು. ಬೇಕಾದ್ರ ನಮ್ಮ ಫೈರ್‌ಮನ್‌ನ ಕೇಳ್ರಿ.”

ಎಲ್ಲರೂ ಶಾಂತಕುಮಾರನ ಕಡೆ ನೋಡಿದರು. ಅವನು ಖಾಲಿ ಮಗ್ಗನ್ನು ಹಿಡಿದುಕೊಂಡು ಬಾಗಿಲಿನಾಚೆ, ತೊಗರಿ ಹೊಲಗಳ ಕಡೆ ನೋಡುತ್ತ ನಿಂತಿದ್ದ.

“ಹೌದ್ರಿ,” ಎಂದ. “ಬರೋಬ್ಬರಿ ಟೈಮಿಗೇ ಬಿಟ್ಟದ.”